ಒರೆಗಲ್ಲು ಮತ್ತು ಗಿಲೀಟು

ನಮ್ಮ ಅಂಗಡಿ ಇದ್ದದ್ದು ದೊಡ್ಡ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಅಂಗಡಿ ಎನ್ನುವುದಕ್ಕಿಂತ ಬಾಗಿಲಿಲ್ಲದ ಬೀರು ಎನ್ನುವುದು ಸರಿ. ಅಪ್ಪ ಒಳಗೆ ಕೂತರೆ ನಾನು ಹೊರಗೆ ನಿಲ್ಲಬೇಕು. ನಾನು ಒಳಗೆ ನುಗ್ಗಬೇಕಾದರೆ ಅಪ್ಪ ಉಸಿರು ಬಿಗಿಹಿಡಿಯಬೇಕು. ಚಾರ್ಜರು, ಬ್ಯಾಟರಿ, ಇಯರ್‌ಫೋನು, ಕೇಬಲ್ಲು ಸೂರಿನಿಂದ ನೇತಾಡುತ್ತಿದ್ದವು. ಹಗಲಲ್ಲೂ ಟ್ಯೂಬ್‌ಲೈಟು ಉರಿಯಬೇಕು. ಹೊಸ ಪ್ಲಾಸ್ಟಿಕ್ಕಿನ ವಾಸನೆ, ಬೆಸುಗೆಯ ಹೊಗೆ ಎರಡೂ ಬೆರೆತ ಗಾಳಿ. ಇವತ್ತಿಗೂ ಯಾರಾದರೂ ಹೊಸ ಚಾರ್ಜರಿನ ಡಬ್ಬಿ ಬಿಚ್ಚಿದರೆ ನನಗೆ ಮೊದಲು ಅಪ್ಪ ನೆನಪಾಗುತ್ತಾನೆ.

ಆ ಸಾಲಿನಲ್ಲಿ ಅಪ್ಪನ ಹೆಸರು ಒರೆಗಲ್ಲು. ಯಾವ ಸಾಮಾನನ್ನೇ ಕೊಡಿ, ಕಣ್ಣು ಮುಚ್ಚಿ, ಅಂಗೈಯಲ್ಲಿ ತೂಗಿ, ಹೆಬ್ಬೆರಳನ್ನು ಅದರ ಮೈಮೇಲೆ ಒಮ್ಮೆ ಆಡಿಸಿ ಹೇಳಿಬಿಡುತ್ತಿದ್ದ: ಅಸಲಿ, ನಕಲಿ, ಇಲ್ಲವೇ ಹಿಂಬಾಗಿಲು. ಹಿಂಬಾಗಿಲು ಎಂದರೆ ಕಂಪನಿಯದೇ ಮಾಲು, ಆದರೆ ಬೇರೆ ದೇಶಕ್ಕೆ ಹೊರಟದ್ದು ದಾರಿ ತಪ್ಪಿಸಿಕೊಂಡು ಇಲ್ಲಿಗೆ ಬಂದದ್ದು. ಬಿಲ್ಲಿಲ್ಲ, ಗ್ಯಾರಂಟಿಯಿಲ್ಲ. "ಹುಡುಗಿ ಒಳ್ಳೆಯವಳೇ, ಓಡಿಬಂದಿದ್ದಾಳೆ ಅಷ್ಟೇ" ಎನ್ನುತ್ತಿದ್ದ ಅಪ್ಪ.

"ತೂಕ ನಂಬಬೇಡ ಪುಟ್ಟಿ" ಎಂದು ನನಗೆ ಪಾಠ ಹೇಳುತ್ತಿದ್ದ. "ನಕಲಿಯವನೂ ಅನ್ನ ತಿನ್ನೋನೇ. ಒಳಗೆ ಒಂದು ಕಬ್ಬಿಣದ ತುಂಡು ಅಂಟಿಸಿ ಭಾರ ಮಾಡಿರ್ತಾನೆ. ಎರಡು ಅರ್ಧ ಕೂಡೋ ಗೆರೆ ಇದೆಯಲ್ಲ, ಅದನ್ನ ಮುಟ್ಟು. ಅಸಲಿಯಲ್ಲಿ ಗೆರೆ ಕಣ್ಣಿಗೆ ಕಾಣುತ್ತೆ, ಬೆರಳಿಗೆ ಸಿಗಲ್ಲ. ನಕಲಿಯಲ್ಲಿ ಬೆರಳಿಗೆ ಸಿಕ್ಕಿ 'ನಾನಿಲ್ಲಿದೀನಿ' ಅನ್ನುತ್ತೆ. ಆತುರದಲ್ಲಿ ಮಾಡಿದ್ದು ಎಲ್ಲಾದ್ರೂ ಒಂದು ಕಡೆ ಒರಟಾಗಿ ಉಳಿದೇ ಉಳಿಯುತ್ತೆ."

ಎದುರಂಗಡಿಯವನು ಗಿಲೀಟು ಮಾಮ. ಅವನದು ಪೂರಾ ನಕಲಿ ವ್ಯಾಪಾರ, ಆದರೆ ನಾಲಿಗೆ ಮಾತ್ರ ಅಸಲಿ. "ಇದು ಡೂಪ್ಲಿಕೇಟು ಸ್ವಾಮಿ, ಮೂರು ತಿಂಗಳು ಬಂದ್ರೆ ನಿಮ್ಮ ಪುಣ್ಯ, ಆರು ತಿಂಗಳು ಬಂದ್ರೆ ನನ್ನ ಪುಣ್ಯ" ಎಂದು ಹೇಳಿಯೇ ಮಾರುತ್ತಿದ್ದ. ಅವನೂ ಅಪ್ಪನೂ ಎತ್ತು ಏರಿಗೆ, ಕೋಣ ನೀರಿಗೆ. ದಿನವಿಡೀ ಎದುರುಬದುರು ಕೂತು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಹೆದರಿಸಿ ಓಡಿಸುವುದೇ ಕೆಲಸ. ಆದರೆ ಸಂಜೆ ಜನ ತೆಳುವಾದ ಮೇಲೆ ಮಾಮ ಹಳೆ ಪೇಪರಿನಲ್ಲಿ ಏನನ್ನೋ ಸುತ್ತಿಕೊಂಡು ಬರುತ್ತಿದ್ದ. ಅಪ್ಪ ಕಣ್ಣು ಮುಚ್ಚಿ ಕೈ ಚಾಚುತ್ತಿದ್ದ. ಸರಿಯಾಗಿ ಹೇಳಿದರೆ ಚಹಾ ಮಾಮನದು, ತಪ್ಪಿದರೆ ಅಪ್ಪನದು. ಅಪ್ಪ ಚಹಾ ಕೊಡಿಸಿದ್ದನ್ನು ನಾನಂತೂ ನೋಡಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಮೂರು ಮಾತಿಗಿಂತ ಹೆಚ್ಚು ಆಡದ ಅಪ್ಪ, ಆ ಹೊತ್ತಿನಲ್ಲಿ ಮಾತ್ರ ಬಾಯ್ತುಂಬ ನಗುತ್ತಿದ್ದ. ಆ ನಗು ಕೇಳಲೆಂದೇ ನಾನು ಅಂಗಡಿ ಮುಚ್ಚುವ ಕೆಲಸವನ್ನು ನಿಧಾನ ಮಾಡುತ್ತಿದ್ದೆ.

ಒಂದು ಸಂಜೆ ಅಪ್ಪ ಕುದಿಯುವ ಚಹಾದ ಲೋಟವನ್ನು ಅಂಗೈಯಲ್ಲಿ ಪೂರ್ತಿ ಸುತ್ತಿ ಹಿಡಿದು ಮಾತಿನಲ್ಲಿ ಮೈಮರೆತಿದ್ದ. ನಾನು ಅದೇ ಲೋಟವನ್ನು ಮುಟ್ಟಿ ಕೈ ಕೊಡವಿಕೊಂಡೆ. ಅಪ್ಪನ ಬೆರಳುಗಳು ಕೆಂಪಾಗಿದ್ದವು. ಅವನಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಅವನ ಪಾದವನ್ನು ಜೋಮು ಹಿಡಿಸಿ ಮುಗಿಸಿ ಈಗ ಬೆರಳಿಗೆ ಬಂದಿತ್ತು. ಆಮೇಲೆ ನೋಡುತ್ತ ಹೋದೆ. ಗಿರಾಕಿ ಏನಾದರೂ ತಂದು ತೋರಿಸಿದರೆ "ಕನ್ನಡಕ ಸರಿಯಿಲ್ಲ, ನೀನು ನೋಡು ಪುಟ್ಟಿ" ಎಂದು ನನಗೆ ದಾಟಿಸುತ್ತಿದ್ದ. ಆದರೆ ಸಂಜೆಯ ಆಟದಲ್ಲಿ ಮಾತ್ರ ಎಂದಿನಂತೆ ಗೆಲ್ಲುತ್ತಲೇ ಇದ್ದ. ಕಣ್ಣು ಮುಚ್ಚುವುದು, ತೂಗುವುದು, ಸವರುವುದು, "ಅಸಲಿ!" ಎನ್ನುವುದು. ಮಾಮ ಹಣೆ ಚಚ್ಚಿಕೊಂಡು ಚಹಾ ತರುವುದು.

ಅದು ಹೇಗೆ ಎನ್ನುವುದು ತಿಳಿದದ್ದು ಬೀದಿ ತುದಿಯ ಕಂಪನಿ ಷೋರೂಮಿನಲ್ಲಿ. ನಾನು ಏನೋ ವಿಚಾರಿಸಲು ಹೋದರೆ ಅಲ್ಲಿ ಗಿಲೀಟು ಮಾಮ ಪೂರ್ತಿ ಬೆಲೆ ತೆತ್ತು ಅಸಲಿ ಚಾರ್ಜರ್ ಕೊಳ್ಳುತ್ತಿದ್ದಾನೆ! "ಷೋರೂಮಿನಲ್ಲಿ ಕೊಳ್ಳೋನು ಮೂರ್ಖ" ಎಂದು ಇಡೀ ಜನ್ಮ ಕೂಗಿದವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ನಾನು ಏನೂ ಕೇಳುವ ಮೊದಲೇ ಡಬ್ಬಿಯನ್ನು ಅಂಗಿಯೊಳಗೆ ತುರುಕಿಕೊಂಡ.

"ಯಾರಿಗೆ ಮಾಮಾ?"

"ಯಾರಿಗೂ ಇಲ್ಲ." ಆಮೇಲೆ ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದ. "ನಿಮ್ಮಪ್ಪ ಈಗ ಯಾವುದು ಕೊಟ್ರೂ ಅಸಲಿ ಅಂತಾನೆ. ಬೆರಳಲ್ಲಿ ಏನೂ ಉಳಿದಿಲ್ಲ ಪುಟ್ಟಿ. ಅದಕ್ಕೆ ನಾನು ಅಸಲಿನೇ ತಗೊಂಡೋಗ್ತೀನಿ. ಬಾಯಿ ಬಿಟ್ಟೀಯ ಮತ್ತೆ!"

ನಾನು ಬಾಯಿ ಬಿಡಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಒರೆಗಲ್ಲು ಎಂಬ ಹೆಸರೊಂದನ್ನು ಬಿಟ್ಟರೆ ಅಪ್ಪನಿಗೆ ಆ ನೆಲಮಾಳಿಗೆಯಲ್ಲಿ ಬೇರೆ ಆಸ್ತಿಯಿರಲಿಲ್ಲ. ಅದು ಹೋದರೆ ಅವನು ಕುಸಿಯುತ್ತಾನೆ ಎಂದು ನಾವಿಬ್ಬರೂ ನಂಬಿದ್ದೆವು. ಜೊತೆಗೆ ಒಂದು ಹೆದರಿಕೆಯೂ ಇತ್ತು: ಯಾವತ್ತಾದರೂ ನಾನಿಲ್ಲದ ಹೊತ್ತಿನಲ್ಲಿ, ಜನರ ಮುಂದೆ, ಬಿಂಕಕ್ಕೆ ಬಿದ್ದು ನಕಲಿಯನ್ನು ಅಸಲಿ ಎಂದುಬಿಟ್ಟರೆ?

ಆ ದಿನವೂ ಬಂತು. ಬ್ಯಾಂಕಿಗೆ ಹೋಗಿದ್ದ ನಾನು ವಾಪಸು ಮೆಟ್ಟಿಲಿಳಿಯುವಾಗ ನಮ್ಮ ಅಂಗಡಿಯ ಮುಂದೆ ಗುಂಪು. ಹೆಂಗಸೊಬ್ಬಳು ಏದುಸಿರು ಬಿಡುತ್ತ ನಿಂತಿದ್ದಳು. ಅವಳ ಅತ್ತೆ ಮಲಗುವಾಗ ಉಸಿರಾಟದ ಯಂತ್ರ ಹಾಕಿಕೊಳ್ಳಬೇಕಂತೆ. ಅದರ ಅಡಾಪ್ಟರ್ ಸುಟ್ಟುಹೋಗಿ, ಮೇಲಿನ ಬೀದಿಯಲ್ಲಿ ಎಲ್ಲೋ ಹೊಸದು ಕೊಂಡಿದ್ದಾಳೆ. ಹಾಕಲು ಧೈರ್ಯವಿಲ್ಲ.

"ಒರೆಗಲ್ಲಣ್ಣನ ಹತ್ರ ಹೇಳಿಸ್ಕೊಂಡು ಹೋಗಿ ಅಂದ್ರು. ನೀವು ಸರಿ ಅಂದ್ರೆ ಸಾಕು, ಇವತ್ತೇ ಹಾಕ್ತೀನಿ" ಎಂದಳು.

ಅಪ್ಪ ಅಡಾಪ್ಟರನ್ನು ಅಂಗೈಯಲ್ಲಿಟ್ಟು ತೂಗಿದ. ಕಣ್ಣು ಮುಚ್ಚಿದ. ಅಕ್ಕಪಕ್ಕದ ಅಂಗಡಿಯವರೆಲ್ಲ ಆಟ ನೋಡುವವರ ಹಾಗೆ ಕತ್ತು ಚಾಚಿದ್ದರು. ಎದುರಿನಿಂದ ಗಿಲೀಟು ಮಾಮ ಕ್ಷಯ ಬಂದವನಂತೆ ಕೆಮ್ಮತೊಡಗಿದ. ಜನರನ್ನು ನೂಕಿಕೊಂಡು ನಾನು ಹತ್ತಿರವಾಗುವಷ್ಟರಲ್ಲಿ ಅಪ್ಪನ ಹೆಬ್ಬೆರಳು ಗೆರೆಯ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು.

ಅಪ್ಪ ಕಣ್ಣು ತೆರೆದ.

"ನನ್ನ ಮಾತು ನಂಬಬೇಡಿ ತಾಯಿ" ಎಂದ, ಎಲ್ಲರಿಗೂ ಕೇಳುವ ಹಾಗೆ. "ನನ್ನ ಬೆರಳಿಗೆ ಏನೂ ಗೊತ್ತಾಗ್ತಿಲ್ಲ. ತುಂಬ ದಿನ ಆಯ್ತು. ನನ್ನ ಮಗಳು ಬಂದ್ಲು ನೋಡಿ, ಅವಳನ್ನ ಕೇಳಿ."

ಕೆಮ್ಮು ನಿಂತಿತು. ಅಪ್ಪ ಅಡಾಪ್ಟರನ್ನು ನನ್ನ ಕೈಗಿಟ್ಟು, ಸ್ಟೂಲನ್ನು ಹಿಂದಕ್ಕೆಳೆದುಕೊಂಡು ನನಗೆ ಜಾಗ ಮಾಡಿದ. ಗೆರೆ ನನ್ನ ಉಗುರಿಗೆ ಗರಗಸದ ಹಾಗೆ ಸಿಕ್ಕಿತು. ಹೆಂಗಸನ್ನು ಕೇಳಿ, ಸ್ಕ್ರೂಡ್ರೈವರಿನಿಂದ ಮೀಟಿ ಬಿಚ್ಚಿದೆ. ಒಳಗೆ ಬಡಕಲು ತಂತಿ, ಪಕ್ಕದಲ್ಲಿ ಗೋಂದಿನಲ್ಲಿ ಅಂಟಿಸಿದ ದಪ್ಪ ಕಬ್ಬಿಣದ ತುಂಡು. ಅವಳು ಅದನ್ನು ನೋಡಿ ಅಲ್ಲೇ ಅತ್ತುಬಿಟ್ಟಳು. ಯಂತ್ರದ ಕಂಪನಿಯ ಏಜೆಂಟರ ಅಂಗಡಿ ಎಲ್ಲಿದೆಯೆಂದು ನಾನು ಹೇಳುವಷ್ಟರಲ್ಲಿ ಗಿಲೀಟು ಮಾಮ ಸ್ಕೂಟರಿನ ಕೀಲಿ ಹಿಡಿದು, "ಬನ್ನಿ ಅಮ್ಮಾ, ಊಟಕ್ಕೆ ಮುಚ್ಚೋಕೆ ಮುಂಚೆ ಹೋಗೋಣ" ಎಂದು ಮೆಟ್ಟಿಲು ಹತ್ತಿದ್ದ.

ಅಪ್ಪ ಅಂದು ಇಡೀ ಮಧ್ಯಾಹ್ನ ಯಾರ ಮುಖವನ್ನೂ ನೋಡಲಿಲ್ಲ. ಧೂಳೇ ಇಲ್ಲದ ಗಾಜನ್ನು ಒರೆಸುತ್ತಲೇ ಇದ್ದ. ನನಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಅಷ್ಟು ಸಣ್ಣ ಅಂಗಡಿಯಲ್ಲೂ ಆ ದೂರ ದಾಟಲಾಗಲಿಲ್ಲ.

ಸಂಜೆಯಾಯಿತು. ವಾಪಸು ಬಂದಿದ್ದ ಮಾಮ ತನ್ನ ಅಂಗಡಿಯಲ್ಲೇ ಕೂತಿದ್ದ. ಪೇಪರಿನ ಗಂಟಿಲ್ಲ. ಇನ್ನು ಏನು ನೆಪ ಹೇಳಿಕೊಂಡು ಬರುವುದೆಂದು ತಿಳಿಯದೆ, ಷಟರನ್ನು ಅರ್ಧ ಎಳೆಯುವುದು, ಮತ್ತೆ ಎತ್ತುವುದು ಮಾಡುತ್ತಿದ್ದ.

ಅಪ್ಪನಿಗೆ ಕೋಪ ನೆತ್ತಿಗೇರಿತು. "ಲೋ! ಬೆರಳು ಸತ್ತಿರೋದು, ನಾನು ಸತ್ತಿಲ್ಲ. ಬಂದು ಕೂತ್ಕೊ."

ಮಾಮ ಬಂದ. ಚಹಾ ಯಾರು ತರಬೇಕೆಂದು ಇಬ್ಬರಿಗೂ ಗೊತ್ತಾಗದೆ ನಾನೇ ತಂದೆ. ಸ್ವಲ್ಪ ಹೊತ್ತು ಇಬ್ಬರೂ ಊದಿ ಊದಿ ಕುಡಿದರು.

"ಅಷ್ಟು ದುಡ್ಡು ಸುರಿದು ಷೋರೂಮಿಗೆ ಯಾಕೋ ಹೋಗ್ತಿದ್ದೆ?" ಎಂದ ಅಪ್ಪ.

ಮಾಮ ನನ್ನ ಕಡೆ ದುರುಗುಟ್ಟಿ ನೋಡಿದ. ನಾನು ಇಲ್ಲವೆಂದು ತಲೆಯಾಡಿಸಿದೆ.

"ಅವಳು ಹೇಳ್ಲಿಲ್ಲ" ಎಂದ ಅಪ್ಪ. "ನಿನ್ನ ಅಂಗಡಿಯಿಂದ ದಿನಾ ಅಸಲಿ ಬರೋದು ಅಂದ್ರೆ ಕತ್ತೆ ಹೊಟ್ಟೇಲಿ ಕುದುರೆ ಹುಟ್ಟಿದ ಹಾಗೆ. ಅಷ್ಟೂ ಗೊತ್ತಾಗಲ್ವಾ ನನಗೆ?"

"ಗೊತ್ತಿದ್ದೂ ಆಡ್ತಿದ್ಯಾ? ಯಾಕೆ?"

ಅಪ್ಪ ಲೋಟವನ್ನೇ ನೋಡುತ್ತಿದ್ದ. "ಆಟ ನಿಂತ್ರೆ ನೀನು ಬರೋದು ನಿಲ್ಲಿಸ್ತೀಯ ಅಂತ."

ಗಿಲೀಟು ಮಾಮ ಲೋಟವನ್ನು ಕೆಳಗಿಟ್ಟ. "ನಾನೂ ಅದಕ್ಕೇ ಕಣೋ" ಎಂದ.

ಮರುದಿನದಿಂದ ಮಾಮ ಖಾಲಿ ಕೈಯಲ್ಲೇ ಬರತೊಡಗಿದ. ಅಪ್ಪ ಇರುವವರೆಗೂ ಒಂದು ಸಂಜೆ ತಪ್ಪಿಸಲಿಲ್ಲ. ಅಪ್ಪ ಹೋದ ಮೇಲೂ ಬರುತ್ತಿದ್ದ. ಆ ಸ್ಟೂಲಿನ ಮೇಲೆ ಕೂತು, ಅಪ್ಪನನ್ನು ಮನಸಾರೆ ಬೈದು, ಚಹಾ ಮುಗಿಸಿ ಹೋಗುತ್ತಿದ್ದ.