ಕಹಿ ಭಂಡಾರ

ಬೀರಪ್ಪನ ಭಂಡಾರ ನಾಲಗೆಯ ಹತ್ತಿರ ಬಂದಾಗ ಬಾಯಿ ಮುಚ್ಚಿದವರು ಯಲ್ಲಕ್ಕನ ಮನೆತನದಲ್ಲಿ ಹುಟ್ಟಿರಲಿಲ್ಲ. ದೇವರ ಮುಂದಿನ ಆ ಅರಿಷಿಣ ಹಣೆಗೊಂದಿಷ್ಟು, ನಾಲಗೆಗೊಂದು ಚಿಟಿಕೆ, ಆಮೇಲೆ ಚಹಾ. ಹಿಪ್ಪರಗಿ ಬಿಟ್ಟು ಮಗಳು ಮಾಯಾಳೊಂದಿಗೆ ಬನಹಟ್ಟಿಯ ಮಗ್ಗದ ಓಣಿಗೆ ಬಂದ ಮೇಲೂ ರೂಢಿ ತಪ್ಪಲಿಲ್ಲ.

ಮಾಯಾ ನೂಲಿನ ಕಂಡಿಕೆ ಸುತ್ತಲು ಹೋಗುತ್ತಿದ್ದಳು. ಎರಡು ವರ್ಷದ ಹಿಂದೆ ಬೆರಳ ಗೆಣ್ಣುಗಳು ಬಾತು, ಹರಿದ ಎಳೆಗೆ ಗಂಟು ಹಾಕಲಾಗದೆ ಕೆಲಸ ಹೋಯಿತು. ಈಗ ಆ ಉರಿ ಮೂತ್ರಪಿಂಡಕ್ಕೂ ಇಳಿದಿತ್ತು. ಜಮಖಂಡಿಯ ದವಾಖಾನೆಗೆ ವಾರಕ್ಕೊಮ್ಮೆ ಬರುವ ಡಾಕ್ಟರ್ ರಾಜಶ್ರೀ ಹೊಸ ಔಷಧವೊಂದರ ಪರೀಕ್ಷೆಗೆ ರೋಗಿಗಳನ್ನು ಆರಿಸುತ್ತಿದ್ದರು.

“ಯಲ್ಲಕ್ಕಾ, ರೋಗಾಣು ಅನ್ನೂ ವೈರಿ ಬಂದ್ರ ಮೈಯಾಗಿನ ಕಾವಲಿನವರು ಡೊಳ್ಳು ಬಾರಸ್ತಾರ. ವೈರಿ ಹೋಗಿ ಎಷ್ಟೋ ದಿನ ಆತು, ಈಕಿ ಮೈಯಾಗಿನ ಡೊಳ್ಳು ಇನ್ನೂ ನಿಂತಿಲ್ಲ. ಜೀವಕೋಶದ ಬಾಗಲದಾಗ ಒಬ್ಬ ಬಾರಸ್ತಾನ, ಅದನ್ನ ಕೇಳಿ ಒಳಗಿನವ ಬಾರಸ್ತಾನ, ಹಿಂಗ ಗುಡಿ ಒಳಗಿನತನಕ ಸುದ್ದಿ ಹೋಗತೈತಿ. ಆ ಸದ್ದು ಎಷ್ಟೈತಿ ಅಂತ ಅಳೀಬೇಕು. ಕೋಶಕ್ಕ ಬಣ್ಣ ಹಚ್ಚಿ ಯಂತ್ರಕ್ಕ ಬಿಟ್ರ, ಯಾವುದು ಎಷ್ಟು ಹೊಳೀತೈತಿ ಅಂತ ಅದು ಹೇಳತೈತಿ. ಸದ್ದು ಜೋರಿದ್ರ ಅಷ್ಟ ಈ ಔಷಧ.”

ಬಳಿಕ ಮಾಯಾಳ ಕಡೆ ತಿರುಗಿದರು. “ನೀ ಇಷ್ಟ ದಿನ ತಗೊಂಡ ಬಿಳಿ ಗುಳಿಗಿ ಸದ್ದು ಅಡಗಸತೈತಿ. ಇಳಿಸಿಕೋತ ಬಂದು ಬಂದ್ ಮಾಡೇವಿ. ರಕ್ತ ಕೊಡೋತನಕ ಮುಟ್ಟಬ್ಯಾಡ.”

“ಸತ್ರೂ ಮುಟ್ಟೂದಿಲ್ರಿ ಮೇಡಮ್.”

“ಸಾಯಬ್ಯಾಡವಾ. ಸತ್ತವರ ರಕ್ತ ನಮಗ ನಡ್ಯಾಂಗಿಲ್ಲ,” ಎಂದು ಡಾಕ್ಟರು ನಕ್ಕರು.

ಮಾತಿಗೆ ತಪ್ಪದ ಹುಡುಗಿ ಮಾಯಾ. ಆದರೆ ರಕ್ತ ಕೊಡಲು ಮೂರು ದಿನ ಉಳಿದಾಗ ನೋವು ಮೇರೆ ಮೀರಿತು. ತಲೆ ಬಾಚಿದರೆ ಚೀರಿದಳು. ಬಟ್ಟಲು ಎತ್ತಲಾಗದೆ ತಾಯಿಯ ಕೈಯಿಂದ ನೀರು ಕುಡಿದಳು. ಹಲ್ಲು ಕಚ್ಚಿ, “ಮೂರ ದಿನಾ ಬೇ ಯವ್ವಾ, ತಡಕೊಳ್ತೀನಿ,” ಎಂದಳು.

ತಡೆದುಕೊಳ್ಳಲಾಗದವಳು ಯಲ್ಲಕ್ಕ. ಹೆತ್ತ ಕರುಳಿನ ಮುಂದೆ ದೇವರೂ ಸೋಲುತ್ತಾನೆಂದು ಡೊಳ್ಳಿನ ಪದಗಳಲ್ಲಿ ಕೇಳುತ್ತಲೇ ಬೆಳೆದವಳು. ನಿಲ್ಲಿಸಿದ್ದ ಬಿಳಿ ಗುಳಿಗೆಯ ಹಾಳೆಯಲ್ಲಿ ಆರು ಉಳಿದಿದ್ದವು. ದಿನಕ್ಕೆರಡನ್ನು ಕುಟ್ಟಿ ಪುಡಿ ಮಾಡಿ ಭಂಡಾರದಲ್ಲಿ ಬೆರೆಸಿದಳು. ಮುಂಜಾನೆ ಮಗಳು ನಾಲಗೆ ಚಾಚಿದಳು.

“ಯವ್ವಾ, ಭಂಡಾರ ಯಾಕ ಕಹಿ ಐತಿ?”

“ಹೊಸಾ ಅರಿಷಿಣ.”

ಎರಡನೆಯ ದಿನ ಬಾವು ಇಳಿಯಿತು. ಮೂರನೆಯ ದಿನ ಮಾಯಾ ತನ್ನ ಜಡೆ ತಾನೇ ಹೆಣೆದುಕೊಂಡು ಜಮಖಂಡಿ ಬಸ್ಸು ಹತ್ತಿದಳು. ಬೆಳಗಾವಿಯ ಯಂತ್ರಕ್ಕೆ ಹೊರಟ ರಕ್ತದ ನಳಿಕೆ ನೋಡಿ, “ನಾ ಕಾಣದ ಬೆಳಗಾವಿ ನನ್ನ ರಕ್ತ ಕಾಣತೈತಿ ನೋಡು,” ಎಂದು ನಕ್ಕಳು. ಯಲ್ಲಕ್ಕನೂ ನಕ್ಕಳು. ಆರು ಗುಳಿಗೆಗೆ ಅಂಥ ಯಂತ್ರ ಮೋಸ ಹೋದೀತೆಂದು ಅವಳಿಗೆ ಅನ್ನಿಸಿರಲಿಲ್ಲ.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಡಾಕ್ಟರು ಹಾಳೆಯನ್ನು ತಿರುವಿ ತಿರುವಿ ನೋಡಿದರು. “ಸದ್ದ ಇಲ್ಲಲ್ಲ! ಖರೆ ಹೇಳವಾ, ಏನರೆ ತಗೊಂಡಿದ್ದೇನು? ತಗೊಂಡಿದ್ರ ಮತ್ತೊಮ್ಮೆ ರಕ್ತ ತಗೀತೀನಿ. ಈ ತಿಂಗಳ ಮುಗಿಯೋತನಕ ಹೆಸರು ಬರಕೋತಾರ.”

ಮಾಯಾ ಹಣೆಯ ಭಂಡಾರ ಮುಟ್ಟಿಕೊಂಡಳು. “ದೇವ್ರ ಆಣಿ ಮಾಡಿ ಹೇಳ್ತೀನ್ರಿ. ಈ ಭಂಡಾರ ಬಿಟ್ರ ನಾಲಗಿ ಮ್ಯಾಲ ಏನೂ ಇಟ್ಟಿಲ್ಲ.”

ಡಾಕ್ಟರು ತಾಯಿಯ ಮುಖ ನೋಡಿದರು. ಹೇಳಿದರೆ ಔಷಧದ ದಾರಿ ಇನ್ನೂ ತೆರೆದಿತ್ತು. ಆದರೆ ಹೇಳಿದರೆ ಮಗಳ ಆಣೆ ಸುಳ್ಳಾಗುತ್ತದೆ, ತನ್ನ ಕೈಯ ಭಂಡಾರಕ್ಕೆ ಆ ನಾಲಗೆ ಇನ್ನು ಚಾಚುವುದಿಲ್ಲ. ಯಲ್ಲಕ್ಕ ಸೆರಗಿನ ತುದಿ ಹೊಸೆಯುತ್ತ ನಿಂತಳು.

“ಆಕಿ ಸುಳ್ಳ ಹೇಳೂದಿಲ್ರಿ,” ಎಂದಳು. ಅಷ್ಟು ಮಾತ್ರ ಖರೆ.

ಡಾಕ್ಟರು ಮಾಯಾಳ ಹೆಸರಿನ ಮೇಲೆ ಗೆರೆ ಎಳೆದು, ಸದ್ದಿಲ್ಲದ ಮೇಲೆ ಬಿಳಿ ಗುಳಿಗೆಯೂ ಸದ್ಯ ಬೇಡವೆಂದರು.

“ಸದ್ದ ನಿಂತೈತಂತ ಯವ್ವಾ! ಬೀರಪ್ಪ ಕೈ ಹಿಡದ,” ಎಂದು ಮಾಯಾ ಬಸ್ಸಿನುದ್ದಕ್ಕೂ ಹೇಳಿದಳು. ಯಲ್ಲಕ್ಕ ಕಿಟಕಿಯಾಚೆಯ ಕಬ್ಬು ನೋಡುತ್ತ ಕುಳಿತಳು. ನಾಳೆ ಡಾಕ್ಟರಿಗೆ ಫೋನ್ ಮಾಡಿಸಬೇಕು ಅಂದುಕೊಂಡಳು. ಮಗಳು ಬೀರಪ್ಪನ ಪದ ಹಾಡಿಕೊಳ್ಳುವುದನ್ನು ಕೇಳಿ ಮರುದಿನವೂ ಹಾಗೆಯೇ ಅಂದುಕೊಂಡಳು. ಅಂದುಕೊಳ್ಳುತ್ತಲೇ ತಿಂಗಳು ತುಂಬಿತು.

ಮುಂದಿನ ತಿಂಗಳ ಮೊದಲ ವಾರ ಮಾಯಾಳಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಮುಖ ಊದಿ ಕಣ್ಣು ಗೀರಿನಷ್ಟಾಗಿತ್ತು. ಮೂತ್ರ ನೊರೆ ನೊರೆ. ಓಣಿಯ ತುದಿಯಿಂದ ಆಟೋ ತರಲು ಹೊರಟ ತಾಯಿಯನ್ನು ಅವಳು ಕರೆದಳು.

“ಯವ್ವಾ, ಅವತ್ತಿಂದು ಕಹಿ ಭಂಡಾರ ಉಳದೈತೇನು? ಬರೇ ಚಿಟಿಕಿ ಕೊಡು. ಅದರಾಗ ದೇವ್ರಿದ್ದ.”

ನಾಲಗೆ ಚಾಚಿಯೇ ಇತ್ತು.

ಯಲ್ಲಕ್ಕ ದೇವರ ಜಗಲಿಯ ಮೇಲಿನ ಬೀರಪ್ಪನ ಪಟದ ಹಿಂದೆ ಕೈ ಹಾಕಿದಳು. ಗೂಡುಗಳೆಲ್ಲ ಹರಿದು ಬರಿದಾದ ಬಿಳಿ ಗುಳಿಗೆಯ ಹಾಳೆಯನ್ನು ತಂದು ಮಗಳ ಅಂಗೈಯಲ್ಲಿಟ್ಟಳು. ಬೆರಳು ಮಡಚಲು ಬಾರದ ಮಾಯಾ ಅದನ್ನು ಹಿಡಿಯಲೂ ಆಗದೆ, ಬಿಸಾಡಲೂ ಆಗದೆ ಬಹಳ ಹೊತ್ತು ನೋಡಿದಳು.

ಆಮೇಲೆ ಬಾಯಿ ಮುಚ್ಚಿದಳು.