ಹ್ಯೂಬರ್ಟನ ಇಟ್ಟಿಗೆ ಮುಖದ ಮನೆ

ಇದು ನಡೆದ ಕಥೆ. ಇದರಲ್ಲಿ ಓರೆಕೋರೆ ಏನಾದರೂ ಕಂಡರೆ ಅದು ನಮ್ಮ ಓಣಿಯ ಮನೆಗಳದ್ದು, ನನ್ನದಲ್ಲ. ಲಡ್ಲೋ ಊರಿನ ಈ ಓಣಿಯಲ್ಲಿ ಮಹಡಿಗಳು ಬೀದಿಯ ಮೇಲಕ್ಕೆ ಚಾಚಿಕೊಂಡು, ಎದುರುಮನೆಯ ಗುಟ್ಟು ಕೇಳುವವರಂತೆ ಬಾಗಿವೆ. ಎಲ್ಲೆಲ್ಲೂ ಕಪ್ಪು ತೊಲೆ, ಬಿಳಿ ಗಾರೆ. ನಡುವೆ ಹ್ಯೂಬರ್ಟ್ ಬೆಡೋಸನದೊಂದೇ ನೆಟ್ಟಗೆ ನಿಂತ ಇಟ್ಟಿಗೆ ಮನೆ.

ಬೇಸಿಗೆಯಲ್ಲಿ ‘ಹಳೆ ಮನೆಗಳ ದಿನ’ ಬಂತೆಂದರೆ ನಾವೆಲ್ಲ ಬಾಗಿಲು ತೆರೆದು ಮೆರೆಯುತ್ತಿದ್ದೆವು. ಇಟ್ಟಿಗೆ ಮನೆ ಹಳೆಯದಲ್ಲವೆಂದು ಯಾರೂ ಅತ್ತ ಸುಳಿಯದ ಕಾರಣ, ಹ್ಯೂಬರ್ಟ್ ನಮ್ಮ ಬಾಗಿಲಲ್ಲಿ ನಿಂತು ಬಂದವರಿಗೆ ಚಹಾ ಕೊಡುತ್ತಿದ್ದ. ಒಮ್ಮೆಯಾದರೂ ಜನ ತನ್ನ ಮನೆ ನೋಡಲು ಬರಬೇಕೆಂದು ಅವನಿಗೆ ಬಹಳ ಆಸೆ.

ಪಕ್ಕದ ಮನೆಯ ರಾಡ್ನಿ ಕ್ಯಾಡ್‌ವಲಾಡರ್ ಊರಿನವರ ದನಿಗಳನ್ನೆಲ್ಲ ಗಂಟಲಲ್ಲಿ ಸಾಕಿಕೊಂಡವನು. ಒಂದು ಬೆಳಿಗ್ಗೆ ನನ್ನೆದುರೇ ಫೋನ್ ಎತ್ತಿ, ಹಳೆ ಮನೆಗಳ ಸಂಘದ ಅಧ್ಯಕ್ಷೆ ಶ್ರೀಮತಿ ಟ್ರಾಂಟರ್ ಆಗಿಬಿಟ್ಟ.

“ಬೆಡೋಸ್ ಅವ್ರೇ, ನಿಮ್ಮ ಇಟ್ಟಿಗೆ ಬರೀ ಮುಖವಾಡ ಅಂತ ನಮಗೆ ಅನುಮಾನ. ಹಿಂದೆ ಮರದ ಚೌಕಟ್ಟು ಇರ್ಬೇಕು. ಮಲಗೋ ಕೋಣೆ ಗಾರೆ ಒಂಚೂರು ಕೆರೆದು ನೋಡ್ತೀರಾ? ಹ್ಞಾಂ... ಮೆತ್ತಗೆ!”

ಫೋನ್ ಇಟ್ಟವನೇ ಹೊಟ್ಟೆ ಹಿಡಿದುಕೊಂಡು ನಕ್ಕ. “ನೋಡ್ತಿರು, ಇಲಿ ಥರ ಕೆರೀತಾನೆ!”

ಸಂಜೆ ಕೆರೆತದ ಸದ್ದು ನಿಂತಿತು. ನಾವಿಬ್ಬರೂ ಹೋಗಿ ನೋಡಿದರೆ ಹ್ಯೂಬರ್ಟನ ಹುಬ್ಬಿನವರೆಗೂ ಬಿಳಿ ಧೂಳು. ಗೋಡೆಯಲ್ಲಿ ಕಡ್ಡಿ ಹೆಣೆದು ಮೆತ್ತಿದ ಮಣ್ಣು. ಅದರ ಪಕ್ಕದಲ್ಲಿ ದಪ್ಪನೆಯ ಓಕ್ ಕಂಬ!

“ಇಲ್ನೋಡ್ರಯ್ಯಾ! ಕಂಬದ ಮೇಲೆ ಮೂರು ಗೀಟು, ಅದಕ್ಕೆ ಕೊಟ್ಟ ಈ ಓರೆ ಆಸರೆ ಮರದ ಮೇಲೂ ಮೂರು. ನೆಲದ ಮೇಲೆ ಜೋಡ್ಸಿ, ಯಾವುದಕ್ಕೆ ಯಾವುದು ಅಂತ ಗುರುತು ಕೆತ್ತಿ, ಬಿಚ್ಚಿ ತಂದು ಇಲ್ಲಿ ನಿಲ್ಸಿದಾರೆ. ಮೊಳೆ ಒಂದೂ ಇಲ್ಲ, ಎಲ್ಲಾ ಮರದ ಗೂಟ!”

ಗೀಟುಗಳ ಮೇಲೆ ಬೆರಳಾಡಿಸುತ್ತಿದ್ದ ರಾಡ್ನಿಯತ್ತ ಹ್ಯೂಬರ್ಟ್ ತಿರುಗಿದ.

“ಟ್ರಾಂಟರ್ ಅವ್ರಿಗೆ ಫೋನ್ ಮಾಡಿದ್ರೆ ‘ಯಾವ ಗಾರೆ? ಯಾರು ಕೆರೆಯೋಕೆ ಹೇಳಿದ್ದು?’ ಅಂತ ಬೈದ್ರು. ನಿಂದೇ ಕಿತಾಪತಿ ಅಂತ ಆಗ್ಲೇ ಗೊತ್ತಾಯ್ತು ಕಣೋ. ಕಂಬ ಇದೆ ಅಂದ ಮೇಲೆ ಮಧ್ಯಾಹ್ನವೇ ಅವ್ರು ಓಡಿ ಬಂದು ನೋಡಿದ್ರು. ಈ ಬೇಸಿಗೆ ನನ್ನ ಮನೇನೂ ತೆರೀಬೇಕಂತೆ!” ಅಂದ ಹ್ಯೂಬರ್ಟ್. ಮರುಕ್ಷಣವೇ ಅವನ ಕಣ್ಣು ಅರಳಿತು. “ಅದಿರ್ಲಿ, ನಿನ್ನ ಕಂಬದಲ್ಲಿ ಎಷ್ಟು ಗೀಟಿದೆ?”

“ನಂದಾ? ಬೇಕಾದಷ್ಟಿರುತ್ತೆ, ಬಾ!”

ರಾಡ್ನಿಯ ಮನೆಯ ಮುಂದೆ ನಿಂತು ಹುಡುಕಿದೆವು. ಗೀಟಿಲ್ಲ, ಗೂಟವೂ ಇಲ್ಲ. ಹ್ಯೂಬರ್ಟ್ ಕಪ್ಪು ತೊಲೆಯನ್ನು ಬೆರಳಿನಿಂದ ತಟ್ಟಿದ. ಟೊಳ್ಳು ಸದ್ದು. ಅಂಚಿಗೆ ಉಳಿ ತೂರಿಸಿ ಮೀಟಿದ್ದೇ ತಡ, ಬಿಸ್ಕತ್ತಿನಷ್ಟು ತೆಳ್ಳಗಿನ ಹಲಗೆಯೊಂದು ಮೊಳೆಸಮೇತ ಕಿತ್ತು ರಾಡ್ನಿಯ ಕೈಗೆ ಬಂತು. ಹಿಂದೆ ಕೆಂಪು ಇಟ್ಟಿಗೆ.

“ನಮ್ಮ ತಾತ... ಹೀಗಂತ ಹೇಳ್ಲೇ ಇಲ್ವಲ್ಲೋ!” ಎಂದ ರಾಡ್ನಿ.

“ನಿನ್ನ ಮನೇನೂ ಮಿಮಿಕ್ರಿ ಕಲ್ತುಬಿಟ್ಟಿದೆಯಲ್ಲೋ ಮಾರಾಯ!” ಅಂದ ಹ್ಯೂಬರ್ಟ್.

ನಾನು ನಕ್ಕೆ. ಹಲಗೆ ಹಿಡಿದುಕೊಂಡೇ ರಾಡ್ನಿಯೂ ನಕ್ಕ. ಆದರೆ ಹುಬ್ಬಿನ ಧೂಳೆಲ್ಲ ಉದುರುವಂತೆ, ಎದುರುಮನೆಯ ಕಿಟಕಿಗಳು ಒಂದೊಂದಾಗಿ ತೆರೆಯುವಂತೆ ನಕ್ಕವನು ಹ್ಯೂಬರ್ಟ್.