ಎರಡು ಜೋಡಿ ಕಿವಿ

ಕಲಿಸಿದ ಗುರುವಿಗೇ ಪರೀಕ್ಷೆ ಮಾಡುವ ಕೆಲಸವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಎಂದು ನಾಗಲಕ್ಷ್ಮಿ ರಾಣೆಬೆನ್ನೂರಿನಿಂದ ಹಾವೇರಿಯವರೆಗೆ ಬಸ್ಸಿನಲ್ಲಿ ಬೈದುಕೊಂಡೇ ಬಂದಳು. ಅವಳು ಓದಿದ ನರ್ಸಿಂಗ್ ಶಾಲೆಯಲ್ಲಿ ಈಗ ಹೊಸ ಪದ್ಧತಿ. ವಿದ್ಯಾರ್ಥಿಗಳಷ್ಟೇ ಅಲ್ಲ, ಕಲಿಸುವವರೂ ವರ್ಷಕ್ಕೊಮ್ಮೆ ಹೊರಗಿನವರ ಎದುರು ಕೆಲಸ ಮಾಡಿ ತೋರಿಸಬೇಕು. ತಪ್ಪಿದರೆ ವಾರ್ಡು ಬಿಟ್ಟು ಉಗ್ರಾಣದ ಕುರ್ಚಿ. ಈ ಸಲದ ಹೊರಗಿನ ಪರೀಕ್ಷಕಿ ಅವಳೇ. ಎದುರಿಗೆ ಮಾಲತೇಶ ಸರ್.

"ಬರ್ರಿ ಮ್ಯಾಡಂ," ಎಂದರು ಸರ್, ಹುಡುಗಿಯರೆಲ್ಲ ನೋಡುತ್ತಿರುವಾಗಲೇ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ.

ಇದೇ ವಾರ್ಡಿನಲ್ಲಿ ಅವಳು ಬಿ.ಪಿ. ನೋಡಲು ಕಲಿತದ್ದು, ಅವರು ಕಲಿಸಲು ಬಳಸುವ ಸ್ಟೆಥೊಸ್ಕೋಪಿನಲ್ಲಿ. ಅದಕ್ಕೆ ಮೈಗೊತ್ತುವ ಬಿಲ್ಲೆ ಒಂದೇ, ಕಿವಿಗಿಡುವ ಕೊಳವೆ ಎರಡು ಜೋಡಿ. ಗುರುವಿಗೆ ಕೇಳಿಸಿದ್ದೇ ಶಿಷ್ಯೆಗೂ ಕೇಳಿಸಬೇಕು. ಒಮ್ಮೆ ಏನೂ ಕೇಳಿಸದಿದ್ದರೂ ಅವಳು ಅಂದಾಜಿನ ಮೇಲೆ ಬರೆದಿದ್ದಳು. "ಕೇಳಿಸ್ಲಿಲ್ಲ ಅನ್ನಾಕ ನಾಚಬ್ಯಾಡ. ಸುಳ್ಳ ಬರಿಯಾಕ ನಾಚು," ಎಂದು ಎಲ್ಲರೆದುರು ಉಗಿದಿದ್ದರು.

ಇವತ್ತೂ ಅದೇ ಸ್ಟೆಥೊಸ್ಕೋಪು, ಒಂದು ಜೋಡಿ ಸರ್ ಕಿವಿಗೆ, ಇನ್ನೊಂದು ಅವಳ ಕಿವಿಗೆ. ತಲೆ ತಿರುಗುತ್ತದೆಂದು ಅಗಡಿಯಿಂದ ಬಂದಿದ್ದ ಬಸವಣ್ಣೆವ್ವ ಎಂಬ ಮುದುಕಿ ಕುರ್ಚಿಯಲ್ಲಿ ಕೂತಿದ್ದಳು. ಸರ್ ಬಿಲ್ಲೆಯನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿದರು. ತೋಳಿಗೆ ಪಟ್ಟಿ ಸುತ್ತುತ್ತ, "ಹೆದರಬ್ಯಾಡ್ರಿ ಯವ್ವಾ, ಜರಾ ಬಿಗಿ ಆಗತೈತಿ ಅಷ್ಟ," ಎಂದರು. ಗಾಳಿ ತುಂಬಿ ನಿಧಾನವಾಗಿ ಬಿಟ್ಟರು. ಎಲ್ಲೂ ಕೈ ತಪ್ಪಲಿಲ್ಲ. ನಾಗಲಕ್ಷ್ಮಿಗೆ ಉಸಿರು ಬಂದಂತಾಯಿತು.

ಮುಳ್ಳು ನೂರಾ ಎಂಬತ್ತಕ್ಕೆ ಇಳಿಯುತ್ತಲೇ ಅವಳ ಕಿವಿಯಲ್ಲಿ ದಬ್ ದಬ್ ಶುರುವಾಯಿತು. ನೂರಾ ಹತ್ತರವರೆಗೂ ನಿಲ್ಲಲಿಲ್ಲ.

"ನೂರಾ ಇಪ್ಪತ್ತು, ಎಂಬತ್ತು," ಎಂದರು ಸರ್.

ಏನೂ ಕೇಳಿಸದವರು ಅಂದಾಜಿನ ಮೇಲೆ ಹೇಳುವ, ಆರೋಗ್ಯವಂತರ ಅಂಕಿ ಅದು. ಬೆಳಗಿನಿಂದ ಸರ್ ಮಾತಾಡುವವರ ತುಟಿಯನ್ನೇ ನೋಡುತ್ತಿದ್ದದ್ದು, ಬೆನ್ನ ಹಿಂದೆ ಕರೆದ ಹುಡುಗಿಗೆ ಓಗೊಡದಿದ್ದದ್ದು ಅವಳಿಗೆ ಈಗ ಹೊಳೆಯಿತು. ಸರ್ ಕಿವಿ ಹೋಗಿದೆ! ಅಂಕಪಟ್ಟಿಯಲ್ಲಿ 'ಸರಿ' ಎಂದು ಬರೆದಳು. ಮುದುಕಿಯನ್ನು ಆಮೇಲೆ ಗುಟ್ಟಾಗಿ ಇನ್ನೊಮ್ಮೆ ನೋಡಿದರಾಯಿತು ಎಂದುಕೊಂಡಳು.

"ಚಲೋ ಐತೇನ್ರಿ ಅಕ್ಕಾರ?" ಎಂದು ಕೇಳಿದಳು ಬಸವಣ್ಣೆವ್ವ.

"ಚಲೋ ಐತಿ ಯವ್ವಾ," ಎಂದಳು ನಾಗಲಕ್ಷ್ಮಿ.

ಮುದುಕಿ ಕೈಮುಗಿದು, ಚೀಲ ಎತ್ತಿಕೊಂಡು, ಬಸ್ ತಪ್ಪುತ್ತದೆಂದು ಹೊರಟೇಬಿಟ್ಟಳು. ನಿಲ್ಲು ಎನ್ನಬೇಕು. ಎಂದರೆ ಹುಡುಗಿಯರೆದುರು ಸರ್ ಮಾನವೂ ಹೋಯಿತು, ತನ್ನದೂ ಹೋಯಿತು. ನಾಗಲಕ್ಷ್ಮಿ ಆ ಬೆನ್ನು ಬಾಗಿಲು ದಾಟುವುದನ್ನು ನೋಡುತ್ತ ಸುಮ್ಮನೆ ಕೂತಳು. ಥೂ, ಇಂಥವಳೂ ಒಬ್ಬ ನರ್ಸೇ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಏಳಲಿಲ್ಲ.

ಎದ್ದವರು ಸರ್. ಮುಂದಿನ ಪರೀಕ್ಷೆಗೆ ಕೈಗೆತ್ತಿಕೊಂಡಿದ್ದ ಸಿರಿಂಜನ್ನು ತಟ್ಟೆಯಲ್ಲಿಟ್ಟು ಗೇಟಿನ ಕಡೆ ಓಡಿದರು. ಮುದುಕಿಯ ಕೈಹಿಡಿದು ಕರೆತಂದು ಕೂರಿಸುವಾಗ ಏದುಸಿರು ಬಿಡುತ್ತಿದ್ದರು.

"ಗಾಳಿ ಬಿಡೂವಾಗ ನಿನ್ನ ಮಾರಿ ನೋಡಾಕತ್ತಿದ್ದೆ ನಾಗಲಕ್ಷ್ಮೀ," ಎಂದರು. ಮ್ಯಾಡಂ ಎಂಬ ಮಾತು ಈಗ ಇರಲಿಲ್ಲ. "ನೂರಾ ಎಂಬತ್ತಕ್ಕ ನಿನ್ನ ಹುಬ್ಬು ಏರಿದ್ವು. ಆದ್ರೂ ಸರಿ ಅಂತ ಬರದಿ."

ಆಮೇಲೆ ಹುಡುಗಿಯರ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. "ನನಗ ಏನೂ ಕೇಳಿಸ್ಲಿಲ್ಲ. ವಾರ್ಡು ಬಿಡಾಕ ಮನಸಿರಲಿಲ್ಲ, ಅದಕ್ಕ ಸುಳ್ಳ ಹೇಳಿದೆ." ಸ್ಟೆಥೊಸ್ಕೋಪನ್ನು ಅವಳ ಕೈಗಿಟ್ಟರು. "ಈಗ ನೀ ನೋಡಿ ಹೇಳು."

ನಾಗಲಕ್ಷ್ಮಿ ನೋಡಿದಳು, ಹೇಳಿದಳು. ಒಬ್ಬ ಹುಡುಗಿ ಡಾಕ್ಟರನ್ನು ಕರೆಯಲು ಓಡಿದಳು. ಬಸವಣ್ಣೆವ್ವನಿಗೆ ಗಾಬರಿ.

"ಆಗ ಚಲೋ ಐತಿ ಅಂದಿದ್ರಲ್ರಿ ಅಕ್ಕಾರ?"

ಯಂತ್ರ ಕೆಟ್ಟಿತ್ತು ಎಂದುಬಿಡುವುದು ಎಷ್ಟು ಸುಲಭ! ನಾಲಿಗೆಯ ತುದಿಗೇ ಬಂದಿತ್ತು. ನಾಗಲಕ್ಷ್ಮಿ ತಲೆತಗ್ಗಿಸಹೋದಳು, ಆಗಲಿಲ್ಲ.

"ಗೊತ್ತಿದ್ದೂ ಸುಳ್ಳ ಹೇಳಿದೆ ಯವ್ವಾ."

ದನಿ ಎಷ್ಟು ಸಣ್ಣದಾಗಿತ್ತೆಂದರೆ ಪಕ್ಕದಲ್ಲೇ ಇದ್ದ ಮುದುಕಿ, "ಏನಂದ್ರಿ?" ಎಂದು ಬಾಗಿದಳು. ಸರ್‌ಗೆ ಮಾತ್ರ ಅದನ್ನು ಇನ್ನೊಮ್ಮೆ ಹೇಳಬೇಕಾಗಿರಲಿಲ್ಲ. ಅವರು ಅವಳ ತುಟಿಯನ್ನೇ ನೋಡುತ್ತಿದ್ದರು.